ಗಲ್ಲಾದ ಹಿಂದೆ ಕೂತ ಸುಸ್ತು

ಕಾಟನ್‌ಪೇಟೆ ಕಡೆಯಿಂದ ಅಕ್ಕಿಪೇಟೆಗೆ ನಡೆದು ಬರುವಾಗ ಕೆಳಗೆ ನೋಡಿದರೆ ಕೈಗಾಡಿಯ ಚಕ್ರ, ಮೇಲೆ ನೋಡಿದರೆ ಕರೆಂಟು ತಂತಿಗಳ ಸಿಕ್ಕು. ಕಣ್ಣಿಗೆ ಬಿಡುವು ಸಿಗುವುದು ಗೋಡೆಗಳ ಮೇಲಷ್ಟೇ. ಮೆಜೆಸ್ಟಿಕ್ ಸುತ್ತಮುತ್ತಲ ಗೋಡೆ, ಕಂಬ, ಶೌಚಾಲಯದ ಬಾಗಿಲುಗಳಲ್ಲಿ ಮನೆ ಬಾಡಿಗೆಯ ಚೀಟಿ, ಸಾಲ ಕೊಡಿಸುವ ಚೀಟಿಗಳ ನಡುವೆ ತಪ್ಪದೆ ಕಾಣುವ ಒಂದು ಪದ ಇದೆ: ಮೂಲವ್ಯಾಧಿ. ಆಪರೇಷನ್ ಬೇಡ, ನೋವಿಲ್ಲ, ಗ್ಯಾರಂಟಿ ಗುಣ; ಕೆಳಗೊಂದು ಮೊಬೈಲ್ ನಂಬರು. ಇದನ್ನು ಓದುತ್ತಲೇ ಬೆಳೆದ ಊರಿನ ಜನ ಮಲದಲ್ಲಿ ರಕ್ತ ಕಂಡ ದಿನ ಬೇರೆ ಯಾವ ಕಾಯಿಲೆಯನ್ನು ತಾನೇ ನೆನೆಸಿಕೊಂಡಾರು?

ಬಹಳಷ್ಟು ಸಲ ಆ ಊಹೆ ಸರಿಯಾಗಿಯೇ ಇರುತ್ತದೆ. ಮೂಲವ್ಯಾಧಿ ಸರ್ವೇಸಾಮಾನ್ಯ, ಪ್ರಾಣ ತೆಗೆಯುವಂಥದ್ದಲ್ಲ. ಆದರೆ ಮೂಲವ್ಯಾಧಿ ಇದ್ದವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಬರಕೂಡದು ಎಂಬ ಕಾನೂನೇನೂ ಇಲ್ಲ. ಇಪ್ಪತ್ತು ವರ್ಷದಿಂದ ಮೂಲವ್ಯಾಧಿಯನ್ನು ಸಾಕಿಕೊಂಡು ಬಂದ ಹಿರಿಯರಿಗೇ ಮೋಸವಾಗುವುದು ಹೆಚ್ಚು: ಹೊಸ ರಕ್ತವನ್ನೂ ಹಳೆಯ ಖಾತೆಗೇ ಬರೆದುಕೊಳ್ಳುತ್ತಾರೆ.

ಆ ಕ್ಯಾನ್ಸರನ್ನು ಮರೆಮಾಡುವ, ಮೂಲವ್ಯಾಧಿಗಿಂತ ಕಪಟಿಯಾದ ಇನ್ನೊಂದು ಹೆಸರಿದೆ. ಅದು ಯಾವ ಗೋಡೆಯ ಮೇಲೂ ಇಲ್ಲ, ಮನೆಯವರ ಬಾಯಲ್ಲಿದೆ: ‘ವಯಸ್ಸಾಯ್ತಲ್ಲ.’

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನಲ್ಲಿ ಕಸುಬಿಗೊಂದು, ಸರಕಿಗೊಂದು ಪೇಟೆ ಬೆಳೆಯಿತು; ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ. ಸಗಟು ಅಕ್ಕಿ ವ್ಯಾಪಾರದ ದೊಡ್ಡ ಪಾಲು ಯಶವಂತಪುರದ ಎಪಿಎಂಸಿ ಯಾರ್ಡಿನ ದಾರಿ ಹಿಡಿದರೂ ಹೆಸರು ಇಲ್ಲೇ ಉಳಿಯಿತು. ಹಾಗೆಯೇ ಉಳಿದವರು ಗಲ್ಲಾದ ಹಿಂದಿನ ಯಜಮಾನರು. ವ್ಯಾಪಾರ ಮಕ್ಕಳ ಕೈಗೆ ಹೋಗಿದ್ದರೂ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ದೀಪ ಹಚ್ಚಲು ಅವರೇ ಬರಬೇಕು. ಅಂಥ ಒಬ್ಬ 76ರ ಯಜಮಾನರನ್ನು ಕಲ್ಪಿಸಿಕೊಂಡರೆ ದೊಡ್ಡಕರುಳಿನ ಕ್ಯಾನ್ಸರಿನ ನಡೆ ಪೂರ್ತಿ ಅರ್ಥವಾಗುತ್ತದೆ. ಎರಡು ವರ್ಷದ ಹಿಂದೆ ಮಹಡಿಯ ಗೋಡೌನಿಗೆ ಒಂದೇ ಉಸಿರಿಗೆ ಹತ್ತುತ್ತಿದ್ದವರು ಈಗ ಅರ್ಧ ಮೆಟ್ಟಿಲಿಗೆ ನಿಲ್ಲುತ್ತಾರೆ. ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಮುಖ ಬಿಳಿಚಿಕೊಂಡಿದೆ, ಪಂಚೆಯ ಗಂಟು ಸಡಿಲವಾಗಿದೆ. ಮಗ ಹಾರ್ಟ್ ಡಾಕ್ಟರಲ್ಲಿಗೆ ಕರೆದೊಯ್ಯುತ್ತಾನೆ, ಇಸಿಜಿ ಚೆನ್ನಾಗಿದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ 9. ‘ರಕ್ತ ಕಡಿಮೆ ಇದೆಯಂತೆ’ ಎಂದು ಸೊಸೆ ಬೀಟ್ರೂಟ್, ಖರ್ಜೂರ ಕೊಡಲು ಶುರುಮಾಡುತ್ತಾಳೆ. ಮೆಡಿಕಲ್ ಸ್ಟೋರಿನಿಂದ ಕಬ್ಬಿಣದ ಟಾನಿಕ್ ಬರುತ್ತದೆ.

ಈ ಉಪಚಾರ ಸುಳಿವನ್ನೇ ಒರೆಸಿಹಾಕುತ್ತದೆ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗುತ್ತದೆ, ಬೀಟ್ರೂಟಿಗೆ ಕೆಂಪಾಗುತ್ತದೆ. ಒಳಗಿನಿಂದ ನಿಜವಾಗಿ ರಕ್ತ ಬರುತ್ತಿದ್ದರೆ ಇನ್ನು ಗುರುತು ಹಿಡಿಯುವುದು ಹೇಗೆ? ಟಾನಿಕ್ಕಿನಿಂದ ಹಿಮೋಗ್ಲೋಬಿನ್ 10 ಆಗಿ, ಯಜಮಾನರು ಕೊಂಚ ಚೇತರಿಸಿಕೊಂಡು, ಆರು ತಿಂಗಳು ಹಾಗೇ ಕಳೆದುಹೋಗುತ್ತದೆ.

ಒಂದು ಸಣ್ಣ ಲೆಕ್ಕ ನೋಡೋಣ. ಪೇಟೆಯವರಿಗೆ ಲೆಕ್ಕ ಬೇಗ ಹಿಡಿಸುತ್ತದೆ. ನಮ್ಮ ದೇಹ ದಿನಕ್ಕೆ ಆಹಾರದಿಂದ ಹೀರಿಕೊಳ್ಳುವ ಕಬ್ಬಿಣ 1ರಿಂದ 2 ಮಿಲಿಗ್ರಾಂ. ಒಂದು ಮಿಲಿಲೀಟರ್ ಆರೋಗ್ಯವಂತ ರಕ್ತದಲ್ಲಿರುವ ಕಬ್ಬಿಣ ಸುಮಾರು ಅರ್ಧ ಮಿಲಿಗ್ರಾಂ. ಕರುಳಿನ ಒಂದು ಮೂಲೆಯಿಂದ ದಿನಕ್ಕೆ 5 ಮಿಲಿಲೀಟರ್, ಅಂದರೆ ಒಂದು ಚಿಕ್ಕ ಚಮಚ ರಕ್ತ ಸೋರಿದರೆ ಎರಡೂವರೆ ಮಿಲಿಗ್ರಾಂ ಕಬ್ಬಿಣ ಹೊರಗೆ ಹೋಯಿತು. ಜಮಾಕ್ಕಿಂತ ಖರ್ಚು ಹೆಚ್ಚು. ಆ ಒಂದು ಚಮಚ ರಕ್ತ ಮಲದಲ್ಲಿ ಬೆರೆತು ಬಣ್ಣ ಕಳೆದುಕೊಂಡು ಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂಗಳುಗಟ್ಟಲೆ ಹೀಗೆ ನಡೆದರೆ ಉಗ್ರಾಣ ಬರಿದಾಗಿ ಹಿಮೋಗ್ಲೋಬಿನ್ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅದರಲ್ಲಿ ವಯಸ್ಸಾದವರಿಗೆ ರಿಯಾಯಿತಿ ಇಲ್ಲ. ಗಂಡಸರಲ್ಲೂ ಮುಟ್ಟು ನಿಂತ ಹೆಂಗಸರಲ್ಲೂ ಕಬ್ಬಿಣದ ಕೊರತೆ ಕಂಡರೆ ಮೇಲಿನಿಂದ ಜಠರವನ್ನೂ ಕೆಳಗಿನಿಂದ ಕರುಳನ್ನೂ ಕೊಳವೆ ಹಾಕಿ ನೋಡುವುದು ವೈದ್ಯಕೀಯದ ಒಪ್ಪಿತ ಕ್ರಮ. ನಮ್ಮಲ್ಲಿ ಅದರ ಬದಲು ಟಾನಿಕ್ ಬಾಟಲಿ ಬರುತ್ತದೆ.

ರಕ್ತ ಕಣ್ಣಿಗೆ ಬೀಳದಿರುವುದಕ್ಕೆ ಗಡ್ಡೆ ಎಲ್ಲಿದೆ ಎಂಬುದೂ ಕಾರಣ. ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಹೊಟ್ಟೆಯ ಬಲಗಡೆ ಕೆಳಗೆ ಶುರುವಾಗಿ, ಮೇಲೇರಿ, ಅಡ್ಡ ಹಾಯ್ದು, ಎಡಗಡೆ ಇಳಿದು ಗುದನಾಳ ಸೇರುತ್ತದೆ. ಬಲಭಾಗ ಅಗಲ, ಅಲ್ಲಿ ಮಲ ಇನ್ನೂ ಅಂಬಲಿಯಂತೆ ನೀರಾಗಿರುತ್ತದೆ. ಎಡಭಾಗ ಕಿರಿದು, ಅಲ್ಲಿಗೆ ಬರುವಷ್ಟರಲ್ಲಿ ಮಲ ಗಟ್ಟಿ. ಮೈಸೂರು ರಸ್ತೆಯಲ್ಲಿ ಲಾರಿಯೊಂದು ಕೆಟ್ಟು ನಿಂತರೂ ಪಕ್ಕದಿಂದ ಬಂಡಿಗಳು ಸಾಗುತ್ತವೆ. ಅಕ್ಕಿಪೇಟೆಯ ಓಣಿಯಲ್ಲಿ ಒಂದು ಕೈಗಾಡಿ ಅಡ್ಡ ನಿಂತರೆ ಎಲ್ಲವೂ ನಿಂತಿತು. ಎಡಗಡೆಯ ಗಡ್ಡೆ ಹೀಗೆ ಬೇಗ ಗಲಾಟೆ ಮಾಡುತ್ತದೆ: ಹೊಸದಾಗಿ ಹತ್ತಿಕೊಂಡ ಮಲಬದ್ಧತೆ, ನಡುವೆ ಭೇದಿ, ಹೋಗಿ ಬಂದರೂ ಪೂರ್ತಿ ಆಗಲಿಲ್ಲವೆಂಬ ಭಾವ, ಕೆಂಪು ರಕ್ತ. ಬಲಗಡೆಯದ್ದು ನಿಂಬೆಹಣ್ಣಿನ ಗಾತ್ರ ದಾಟಿದರೂ ದಾರಿ ಕಟ್ಟದೆ ಸುಮ್ಮನೆ ರಕ್ತ ಸೋರಿಸುತ್ತ ಕೂತಿರಬಲ್ಲದು. ವಯಸ್ಸು ಏರಿದಂತೆ ಗಡ್ಡೆ ಬಲಗಡೆಯೇ ಕಾಣಿಸಿಕೊಳ್ಳುವ ಪ್ರಮಾಣ ಏರುತ್ತದೆ, ಅಜ್ಜಿಯರಲ್ಲಿ ಇನ್ನೂ ಹೆಚ್ಚು. ಅಂದರೆ ಮಾತಾಡದ ಗಡ್ಡೆ ಮಾತಾಡದ ಜನರನ್ನೇ ಹುಡುಕಿಕೊಂಡು ಹೋಗುತ್ತದೆ. ಅಜ್ಜಿ ತನ್ನ ಕಕ್ಕಸಿನ ಸಮಾಚಾರವನ್ನು ಮಗನ ಹತ್ತಿರ ಹೇಳುವುದುಂಟೆ?

ಜಗತ್ತಿನ ಅತಿ ಹೆಚ್ಚು ಕಾವಲಿದ್ದ ಹೊಟ್ಟೆಯಲ್ಲೂ ಹೀಗೇ ಆಯಿತು. 1985ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್, ಮೊದಲೇ ಪತ್ತೆಯಾಗಿದ್ದ ಒಂದು ಸಣ್ಣ ಪಾಲಿಪ್ (ಕರುಳಿನ ಒಳಪದರದ ಮೊಗ್ಗು) ತೆಗೆಸಿಕೊಳ್ಳಲು ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಗೆ ಹೋದರು. ಕೊಳವೆ ಕರುಳಿನ ಕೊನೆಯವರೆಗೆ ಹೋದಾಗ ಬಲಗಡೆಯ ಮೂಲೆಯಲ್ಲಿ ದೊಡ್ಡ ಗಡ್ಡೆಯೊಂದು ಕೂತಿತ್ತು. ಮರುದಿನವೇ ಸುಮಾರು ಎರಡಡಿ ಕರುಳು ತೆಗೆದರು. ಅರಿವಳಿಕೆಯಲ್ಲಿದ್ದ ಎಂಟು ಗಂಟೆಯ ಕಾಲ ಅಧಿಕಾರ ಉಪಾಧ್ಯಕ್ಷ ಬುಷ್ ಕೈಯಲ್ಲಿತ್ತು. ಗಡ್ಡೆ ಕ್ಯಾನ್ಸರೇ ಆಗಿತ್ತು. ಆಗ ರೇಗನ್‌ಗೆ 74. ಅಧ್ಯಕ್ಷಗಿರಿ ಮುಗಿಸಿ, ಮತ್ತೆ ಹದಿನೈದು ವರ್ಷ ಬದುಕಿ, 2004ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಕರುಳಿನ ಕ್ಯಾನ್ಸರ್ ಅವರಿಗೆ ಮರಳಿ ಬರಲಿಲ್ಲ. ಅವರನ್ನು ಕಾಡಿದ್ದು ಮರೆವಿನ ಕಾಯಿಲೆ.

ಫುಟ್‌ಬಾಲ್ ಆಟಗಾರ ಪೆಲೆಯ ಕಥೆ ಬೇರೆ ತಿರುವು ಪಡೆಯಿತು. ಕೋವಿಡ್‌ನಿಂದ ಮುಂದೂಡಿದ್ದ ವಾಡಿಕೆಯ ತಪಾಸಣೆಗೆ 2021ರ ಆಗಸ್ಟ್ ಕೊನೆಯಲ್ಲಿ ಹೋದಾಗ ಬಲಗರುಳಿನಲ್ಲಿ ಗಡ್ಡೆ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಶಸ್ತ್ರಚಿಕಿತ್ಸೆ, ನಂತರ ಕೀಮೋ. 2022ರ ಡಿಸೆಂಬರ್ 29ರಂದು, 82ನೇ ವಯಸ್ಸಿನಲ್ಲಿ ಸಾವು. ಇಬ್ಬರದ್ದೂ ಬಲಗಡೆಯ ಗಡ್ಡೆ, ಇಬ್ಬರಿಗೂ ಎಪ್ಪತ್ತು ದಾಟಿತ್ತು. ಎಷ್ಟು ಮುಂದುವರಿದ ಮೇಲೆ ಸಿಕ್ಕಿತು ಎಂಬುದೇ ಈ ಕಾಯಿಲೆಯಲ್ಲಿ ಬಹುಪಾಲು ತೀರ್ಮಾನ ಮಾಡುತ್ತದೆ. ಅಮೆರಿಕದ ಅಂಕಿಗಳಂತೆ ಗಡ್ಡೆ ಕರುಳಿನಲ್ಲಷ್ಟೇ ಇದ್ದಾಗ ಸಿಕ್ಕಿದವರಲ್ಲಿ ನೂರಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಆ ಸಂಖ್ಯೆ 15ರ ಆಸುಪಾಸು.

ಈ ಕ್ಯಾನ್ಸರು ಕೊಡುವಷ್ಟು ಸಮಯವನ್ನು ಬೇರೆ ಹಲವು ಕ್ಯಾನ್ಸರುಗಳು ಕೊಡುವುದಿಲ್ಲ. ಹೆಚ್ಚಿನವು ಕರುಳಿನ ಒಳಪದರದಲ್ಲಿ ನರಹುಲಿಯಂಥ ಒಂದು ಮೊಗ್ಗಾಗಿ ಶುರುವಾಗುತ್ತವೆ. ಡಾಕ್ಟರುಗಳು ಪಾಲಿಪ್ ಎನ್ನುವುದು ಇದಕ್ಕೇ. ಮೊಗ್ಗು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಅಷ್ಟರೊಳಗೆ ಕೊಲೊನೋಸ್ಕೋಪ್ ಎಂಬ ಕರುಳು ನೋಡುವ ಕೊಳವೆ ಒಳಗೆ ಹೋದರೆ ತಂತಿಯ ಕುಣಿಕೆ ಹಾಕಿ ಅದನ್ನು ಕಿತ್ತು ತರಬಹುದು; ನ್ಯೂಯಾರ್ಕಿನಲ್ಲಿ ವುಲ್ಫ್ ಮತ್ತು ಶಿನ್ಯಾ ಎಂಬಿಬ್ಬರು ವೈದ್ಯರು 1969ರಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಹೆಚ್ಚಿನ ಮೊಗ್ಗುಗಳಿಗೆ ಹೊಟ್ಟೆ ಕೊಯ್ಯುವ ಪ್ರಮೇಯವೇ ತಪ್ಪಿತು. ಕೊಳವೆಗೂ ಮುಂಚೆ ಮಾಡಬಹುದಾದ ಅಗ್ಗದ ಪರೀಕ್ಷೆ ಮಲದಲ್ಲಿ ಅಡಗಿದ ರಕ್ತವನ್ನು ಹುಡುಕುವ ಫಿಟ್. ಮನುಷ್ಯ ರಕ್ತವನ್ನಷ್ಟೇ ಗುರುತಿಸುವುದರಿಂದ ಹಿಂದಿನ ದಿನ ಏನು ತಿಂದಿರಿ ಎಂದು ಅದು ಕೇಳುವುದಿಲ್ಲ. ಜಪಾನಿನಲ್ಲಿ ನಲವತ್ತು ದಾಟಿದವರಿಗೆ ಇದು ವರ್ಷಕ್ಕೊಮ್ಮೆ. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ, ಕರುಳಿನದ್ದಿಲ್ಲ. ಇಲ್ಲಿ ಈ ಕ್ಯಾನ್ಸರಿನ ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಬಹಳ ಕಡಿಮೆ ಎಂಬುದು ನಿಜ. ಆದರೆ 2022ರ ಜಾಗತಿಕ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 70 ಸಾವಿರ ಹೊಸ ರೋಗಿಗಳು. ಕಿದ್ವಾಯಿ ಸಂಸ್ಥೆ 1982ರಿಂದ ಬರೆದಿಟ್ಟುಕೊಂಡು ಬಂದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ಲೆಕ್ಕದಲ್ಲೂ ಕರುಳು ಮತ್ತು ಗುದನಾಳದ ಗೆರೆ ಮೇಲ್ಮುಖವಾಗಿಯೇ ಇದೆ.

ರಾಗಿಮುದ್ದೆ ತಿನ್ನುವವರಿಗೆ ಇದೆಲ್ಲ ಬರುವುದಿಲ್ಲ ಎಂಬ ಧೈರ್ಯಕ್ಕೆ ಒಂದು ಚರಿತ್ರೆಯಿದೆ. ಉಗಾಂಡದಲ್ಲಿ ಕೆಲಸ ಮಾಡಿದ ಸರ್ಜನ್ ಡೆನಿಸ್ ಬರ್ಕಿಟ್, ನಾರು ಹೆಚ್ಚು ತಿನ್ನುವ ಜನರಲ್ಲಿ ಕರುಳಿನ ಕ್ಯಾನ್ಸರ್ ಅಪರೂಪ ಎಂದು 1971ರಲ್ಲಿ ಬರೆದಾಗಿನಿಂದ ಆ ವಾದಕ್ಕೆ ಬಲ ಬಂತು. ನಾರು ಒಳ್ಳೆಯದೇ, ಆದರೆ ಅದು ಕವಚವಲ್ಲ. ಮುದ್ದೆ ತಿಂದು ಬೆಳೆದು ಎಪ್ಪತ್ತೈದು ಮುಟ್ಟಿದವರ ಕರುಳಿಗೂ ಎಪ್ಪತ್ತೈದೇ ವರ್ಷ.

ತಪಾಸಣೆಯ ವಿಷಯದಲ್ಲಿ ಹಿರಿಯರಿಗೊಂದು ಸೂಕ್ಷ್ಮವಿದೆ. ಅದನ್ನು ಮನೆಯವರಿರಲಿ, ಕೆಲವು ವೈದ್ಯರೂ ಕಲಸಿಬಿಡುತ್ತಾರೆ. ಏನೂ ತೊಂದರೆ ಇಲ್ಲದವರನ್ನು ಹುಡುಕಿ ನೋಡುವುದು ಒಂದು. ಅಮೆರಿಕದ ಮಾರ್ಗಸೂಚಿಯಲ್ಲಿ ಅದು 45ರಿಂದ 75ರವರೆಗೆ ಎಲ್ಲರಿಗೂ, 76ರಿಂದ 85ರವರೆಗೆ ಆರೋಗ್ಯ ನೋಡಿಕೊಂಡು, ಆಮೇಲೆ ಬೇಡ. ಹತ್ತು ವರ್ಷದ ನಂತರ ಕ್ಯಾನ್ಸರಾಗಬಹುದಾದ ಮೊಗ್ಗನ್ನು 88ರಲ್ಲಿ ಕೀಳುವುದರಿಂದ ಲಾಭಕ್ಕಿಂತ ಕರುಳಿಗೆ ತೂತು ಬೀಳುವ, ರಕ್ತ ಸುರಿಯುವ ಅಪಾಯ ದೊಡ್ಡದು. ಆದರೆ ರಕ್ತ ಹೋಗುತ್ತಿರುವ, ಹಿಮೋಗ್ಲೋಬಿನ್ ಇಳಿದಿರುವ, ತಿಂಗಳಿನಿಂದ ಹೊಟ್ಟೆಯ ಅಭ್ಯಾಸ ಬದಲಾಗಿರುವ ವ್ಯಕ್ತಿಯನ್ನು ನೋಡುವುದು ಇನ್ನೊಂದು. ಅದು ರೋಗ ಪತ್ತೆ. ಅದಕ್ಕೆ ವಯಸ್ಸಿನ ಗಡಿ ಇಲ್ಲ. ‘ಎಂಬತ್ತಾಯ್ತು, ಇನ್ನೇನು ಟೆಸ್ಟು’ ಎಂಬ ಮಾತು ಮೊದಲನೆಯದಕ್ಕೆ ಹೊಂದೀತು, ಎರಡನೆಯದಕ್ಕಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ರಕ್ತ ಕಂಡರೆ ಮಾತ್ರೆಯ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದೂ ಸಲ್ಲ. ಎಷ್ಟೋ ಸಲ ಆ ಮಾತ್ರೆ ಮಾಡುವುದು ಅಡಗಿದ್ದ ಗಡ್ಡೆಯಿಂದ ರಕ್ತ ಹೊರಡಿಸಿ ಬೇಗ ಹಿಡಿದುಕೊಡುವ ಕೆಲಸವನ್ನು.

ಇವಕ್ಕೆಲ್ಲ ಮುಂಚೆ ಕೈಗವಸು ಹಾಕಿದ ಒಂದು ಬೆರಳು ಸಾಕಾಗುವ ಪರೀಕ್ಷೆಯೂ ಇದೆ. ಗುದನಾಳದ ಕೆಳಭಾಗದ ಗಡ್ಡೆಯನ್ನು ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತದೆ, ಖರ್ಚೂ ಇಲ್ಲ. ನಾಚಿಕೆಯಿಂದ ರೋಗಿ ಬೇಡ ಎನ್ನುತ್ತಾರೆ, ಅವಸರದಿಂದ ಡಾಕ್ಟರು ಸರಿ ಎನ್ನುತ್ತಾರೆ.

ಕೊಲೊನೋಸ್ಕೋಪಿಗಿಂತ ಹಿರಿಯರನ್ನು ಹಣ್ಣು ಮಾಡುವುದು ಅದರ ಹಿಂದಿನ ರಾತ್ರಿ. ಕರುಳು ತೊಳೆಯಲು ಪುಡಿ ಕಲಸಿದ ನೀರನ್ನು ಲೀಟರುಗಟ್ಟಲೆ ಕುಡಿಯಬೇಕು, ಹತ್ತಾರು ಸಲ ಓಡಬೇಕು. ಪೇಟೆಯ ಹಳೇ ಮನೆಗಳಲ್ಲಿ ಕಕ್ಕಸು ಹಿತ್ತಿಲಲ್ಲೋ ಮೆಟ್ಟಿಲಿಳಿದೋ ಇದ್ದರೆ ಕತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಭಯ ಕರುಳಿನದ್ದಕ್ಕಿಂತ ಹತ್ತಿರದ್ದು. ಆ ರಾತ್ರಿ ದೀಪ ಉರಿಯುತ್ತಿರಲಿ, ಒಬ್ಬರು ಎಚ್ಚರವಿರಲಿ. ಸಕ್ಕರೆ ಕಾಯಿಲೆಯ ಮಾತ್ರೆ ಅಂದು ನುಂಗಬೇಕೆ, ರಕ್ತ ತೆಳುವಾಗಿಸುವ ಮಾತ್ರೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಬರೆಸಿಕೊಂಡು ಬರಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಫಾಸ್ಫೇಟ್ ಇರುವ ತೊಳೆಯುವ ಔಷಧ ಕೂಡದು. ಅಷ್ಟೂ ತಡೆಯಲಾರದವರಿಗೆ ಸಿಟಿ ಸ್ಕ್ಯಾನಿನಲ್ಲೇ ಕರುಳು ನೋಡುವ ದಾರಿಯಿದೆ.

ಗಡ್ಡೆ ಸಿಕ್ಕಿತು ಎನ್ನೋಣ. ನಡುಮನೆಯಲ್ಲಿ ಸಭೆ ಸೇರುತ್ತದೆ. ‘ಈ ವಯಸ್ಸಲ್ಲಿ ಹೊಟ್ಟೆ ಕೊಯ್ಯಿಸೋದು ಬೇಡಪ್ಪ’ ಎಂದು ಒಬ್ಬರು, ‘ಅಣ್ಣನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ, ಹುಣ್ಣು ಅನ್ನಿ’ ಎಂದು ಇನ್ನೊಬ್ಬರು. ಐವತ್ತು ವರ್ಷ ಸಗಟು ವ್ಯಾಪಾರದ ಲಾಭನಷ್ಟ ನಿಭಾಯಿಸಿದ ಮನುಷ್ಯನಿಗೆ ತನ್ನ ಕರುಳಿನ ಸುದ್ದಿ ತಡೆದುಕೊಳ್ಳುವ ಶಕ್ತಿಯಿಲ್ಲ ಎಂದು ತೀರ್ಮಾನಿಸುವ ಮಕ್ಕಳ ಪ್ರೀತಿ ದೊಡ್ಡದಿರಬಹುದು, ನ್ಯಾಯ ಮಾತ್ರ ಅಲ್ಲ. ಬಹಳ ಸಲ ಯಜಮಾನರಿಗೆ ಮೊದಲೇ ಗೊತ್ತಿರುತ್ತದೆ. ಮಕ್ಕಳು ನೊಂದುಕೊಳ್ಳುತ್ತಾರೆಂದು ಅವರೂ ಸುಮ್ಮನಿರುತ್ತಾರೆ.

ವಯಸ್ಸಿನ ಲೆಕ್ಕಕ್ಕೆ ವೈದ್ಯರ ಉತ್ತರ ಈಗ ಬದಲಾಗಿದೆ. ಹಿರಿಯ ಕ್ಯಾನ್ಸರ್ ರೋಗಿಗಳನ್ನು ಅಳೆಯಲು ಜಿ8 ಎಂಬ ಎಂಟು ಪ್ರಶ್ನೆಗಳ ಪಟ್ಟಿಯೊಂದು ಬಳಕೆಯಲ್ಲಿದೆ. ಊಟ ಸೇರುತ್ತದೆಯೇ, ತೂಕ ಇಳಿದಿದೆಯೇ, ಮನೆಯಿಂದ ಹೊರಗೆ ಓಡಾಡುತ್ತಾರೆಯೇ, ನೆನಪು ಹೇಗಿದೆ, ದಿನಕ್ಕೆ ಎಷ್ಟು ಬಗೆಯ ಮಾತ್ರೆ, ಓರಗೆಯವರಿಗೆ ಹೋಲಿಸಿದರೆ ತನ್ನ ಆರೋಗ್ಯ ಹೇಗಿದೆಯೆಂದು ಅವರಿಗೇ ಅನ್ನಿಸುತ್ತದೆ, ಇಂಥವು. ಒಟ್ಟು 17 ಅಂಕ. ಅದರಲ್ಲಿ ವಯಸ್ಸಿಗಿರುವುದು 2. ದಿನವೂ ಕೆ.ಆರ್. ಮಾರ್ಕೆಟ್ಟಿಗೆ ನಡೆದು ಹೋಗಿ ಹೂವು ತರುವ 82ರ ಅಜ್ಜಿ ಶಸ್ತ್ರಚಿಕಿತ್ಸೆಯನ್ನು ದಾಟಿಬರಬಹುದು, ಮಂಚ ಬಿಟ್ಟೇಳದ 68ರವರು ದಾಟದಿರಬಹುದು. ಬೇಡವೆಂದು ಬಿಟ್ಟರೂ ಗಡ್ಡೆ ಸುಮ್ಮನಿರುವುದಿಲ್ಲ ಎಂಬುದನ್ನು ನಡುಮನೆಯ ಸಭೆ ಮರೆತಿರುತ್ತದೆ. ಒಂದು ರಾತ್ರಿ ಕರುಳು ಪೂರ್ತಿ ಕಟ್ಟಿಕೊಂಡು, ಹೊಟ್ಟೆ ಉಬ್ಬಿ, ವಾಂತಿಯಾಗಿ ಆಗ ಮಾಡುವ ತುರ್ತು ಆಪರೇಷನ್ನಿನಲ್ಲಿ ಹಿರಿಯರು ಸಾಯುವ ಸಂಭವ, ದಿನ ಗೊತ್ತುಮಾಡಿ ಮಾಡುವುದಕ್ಕಿಂತ ಹಲವು ಪಟ್ಟು ಹೆಚ್ಚು. ತುರ್ತಿನಲ್ಲಿ ಮಲ ಸೇರಲು ಹೊಟ್ಟೆಯ ಮೇಲೆ ಚೀಲ ಕಟ್ಟುವ ಪ್ರಸಂಗವೂ ಜಾಸ್ತಿ. ಬಲಗಡೆಯ ಗಡ್ಡೆಯನ್ನು ನಿಧಾನವಾಗಿ ಯೋಜಿಸಿ ತೆಗೆದರೆ ಸಾಮಾನ್ಯವಾಗಿ ಚೀಲ ಬೇಕಾಗುವುದಿಲ್ಲ, ಸಣ್ಣಕರುಳನ್ನೂ ಉಳಿದ ದೊಡ್ಡಕರುಳನ್ನೂ ಆಗಲೇ ಜೋಡಿಸುತ್ತಾರೆ.

ತಯಾರಿಗೆ ಎರಡು ಮೂರು ವಾರ ಸಿಕ್ಕರೆ ಅದೂ ಚಿಕಿತ್ಸೆಯೇ: ದಿನವೂ ನಡಿಗೆ, ಹೆಚ್ಚು ಬೇಳೆ, ಮೊಟ್ಟೆ, ಹಾಲು, ನರದ ಮೂಲಕ ಕಬ್ಬಿಣ, ಬೀಡಿ ಬಂದ್. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆ ಆಪರೇಷನ್ನಾದ ಮರುದಿನವೇ ಎಬ್ಬಿಸಿ ನಡೆಸುವುದು, ಬೇಗ ಊಟ ಕೊಡುವುದು ವಾಡಿಕೆಗೆ ಬಂತು. ಗಂಜಿಯಲ್ಲೇ ವಾರ ಮಲಗಿಸುವ ಪದ್ಧತಿ ಹಿರಿಯರ ಸ್ನಾಯುಗಳನ್ನು ಕರಗಿಸುತ್ತಿತ್ತು. ಆಪರೇಷನ್ನಿನ ನಂತರ ಕೆಲವರು ರಾತ್ರಿ ಏನೇನೋ ಬಡಬಡಿಸುತ್ತಾರೆ, ಮಕ್ಕಳ ಗುರುತೂ ಹಿಡಿಯುವುದಿಲ್ಲ. ಮನೆಯವರು ಹೆದರಿ ತಾಯಿತ ಕಟ್ಟಿಸುವುದುಂಟು. ಬಹುಪಾಲು ಇದು ಕೆಲವೇ ದಿನದ ಗಲಿಬಿಲಿ. ಅವರ ಕನ್ನಡಕ, ಕಿವಿಯ ಮೆಷಿನ್ನು, ಹಲ್ಲಿನ ಸೆಟ್ಟು ಕೈಗೆ ಸಿಗುವಂತಿದ್ದು, ಪರಿಚಿತ ಮುಖವೊಂದು ಪಕ್ಕದಲ್ಲಿದ್ದರೆ ಬೇಗ ತಿಳಿಯಾಗುತ್ತದೆ.

ಕೀಮೋ ಬಗ್ಗೆ ಸಿನಿಮಾಗಳು ಕೊಟ್ಟ ಭಯವೇ ಹೆಚ್ಚು. ಗಡ್ಡೆ ಹತ್ತಿರದ ದುಗ್ಧಗ್ರಂಥಿಗಳನ್ನು ಮುಟ್ಟಿದ್ದರೆ ಆಪರೇಷನ್ನಿನ ನಂತರ ಕೀಮೋ ಕೊಡುತ್ತಾರೆ. ಏಳು ಅಧ್ಯಯನಗಳ 3,351 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟವಾದ ಬರಹವೊಂದು, ಫ್ಲೋರೋಯುರಾಸಿಲ್ ಎಂಬ ಹಳೆಯ ಔಷಧದಿಂದ ಎಪ್ಪತ್ತು ದಾಟಿದವರಿಗೂ ಕಿರಿಯರಷ್ಟೇ ಲಾಭವಿದೆ ಎಂದು ತೋರಿಸಿತು. ಅದರ ಜೊತೆ ಸೇರಿಸುವ ಆಕ್ಸಾಲಿಪ್ಲಾಟಿನ್‌ನಿಂದ ಈ ವಯಸ್ಸಿನವರಿಗೆ ಹೆಚ್ಚಿನ ಲಾಭ ಅಷ್ಟಾಗಿ ಕಂಡಿಲ್ಲ. ಕೈಕಾಲು ಜೋಮು ಹಿಡಿಯುವ ತೊಂದರೆ ಮಾತ್ರ ಖಂಡಿತ. ನೋಟು ಎಣಿಸುವ ಬೆರಳಿಗೆ ಸ್ಪರ್ಶವೇ ಹೋದರೆ ಆ ಯಜಮಾನರ ಪಾಲಿಗೆ ಉಳಿದದ್ದೇನು? ಆದ್ದರಿಂದ ‘ಒಂದೇ ಔಷಧ ಸಾಕಾಗುವುದಿಲ್ಲವೇ, ಮಾತ್ರೆಯಲ್ಲಿ ಆಗುವುದಿಲ್ಲವೇ’ ಎಂದು ಕೇಳುವುದು ದಡ್ಡತನವಲ್ಲ. ತೆಗೆದ ಗಡ್ಡೆಯ ಮೇಲೆ, ಡಿಎನ್‌ಎ ನಕಲಿನ ತಪ್ಪು ತಿದ್ದಿಕೊಳ್ಳಲಾರದ ಬಗೆಯನ್ನು ಗುರುತಿಸುವ ಎಂಎಸ್‌ಐ ಪರೀಕ್ಷೆ ಮಾಡಿಸಿದ್ದೀರಾ ಎಂದೂ ಕೇಳಬೇಕು. ಹಿರಿಯರ ಬಲಗಡೆಯ ಗಡ್ಡೆಗಳಲ್ಲಿ ಆ ಬಗೆ ಹೆಚ್ಚು ಕಾಣುತ್ತದೆ. ರೋಗ ಹರಡಿದ್ದರೂ ಅಂಥವರಿಗೆ ಕೀಮೋ ಬದಲು ಇಮ್ಯುನೊಥೆರಪಿ ಚೆನ್ನಾಗಿ ಹಿಡಿಯುತ್ತದೆ ಎಂದು 2020ರಲ್ಲಿ ಖಚಿತವಾಯಿತು. ಬೆಲೆ ಮಾತ್ರ ಪೇಟೆಯ ಸಣ್ಣ ಅಂಗಡಿಯವರ ಕೈಗೆ ಎಟುಕುವಂಥದ್ದಲ್ಲ.

ಅಕ್ಕಿಪೇಟೆಯವರಿಗೆ ದೂರದ ನೆಪ ಇಲ್ಲ. ಲಾರ್ಡ್ ಕರ್ಜನ್ 1900ರ ಡಿಸೆಂಬರಿನಲ್ಲಿ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆಗೆ ನಡೆದೇ ಹೋಗಬಹುದು; ಅದೇ ಆವರಣದಲ್ಲಿ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆಯೂ ಇದೆ. ಬಸವನಗುಡಿಗೆ ಹೋದರೆ ಶಂಕರಪುರದಲ್ಲಿ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆ. ಹೊಸೂರು ರಸ್ತೆ ಕಡೆ 1973ರಿಂದ ಇರುವ ಕಿದ್ವಾಯಿಗೆ ಮಾರ್ಕೆಟ್ಟಿನಿಂದ ಬಸ್ಸಿದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯ ಇದೆ. ಗುಣವಾಗದ ಹಂತ ಮುಟ್ಟಿದವರನ್ನು ನೋವಿಲ್ಲದೆ ನೋಡಿಕೊಳ್ಳಲು ಮಾರತಹಳ್ಳಿ ಆಚೆ ಕರುಣಾಶ್ರಯವಿದೆ. 1999ರಿಂದ ಅಲ್ಲಿ ಹಣ ತೆಗೆದುಕೊಳ್ಳದೆ ಆರೈಕೆ ಮಾಡುತ್ತಿದ್ದಾರೆ.

ಮನೆಯಲ್ಲಿ ಅರವತ್ತೈದು ದಾಟಿದವರಿದ್ದರೆ ಅವರ ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೆಲ್ಲ ಬೀರುವಿನಿಂದ ತೆಗೆದು ತಾರೀಖಿನ ಪ್ರಕಾರ ಜೋಡಿಸಿ, ಹಿಮೋಗ್ಲೋಬಿನ್ ಇರುವ ಸಾಲನ್ನಷ್ಟೇ ಓದಿ. 14 ಇದ್ದದ್ದು 12ಕ್ಕೆ, 12 ಇದ್ದದ್ದು 10ಕ್ಕೆ ಇಳಿದಿದ್ದರೆ ಇನ್ನೊಂದು ಟಾನಿಕ್ ಕೊಳ್ಳುವ ಮೊದಲು ಆ ಚೀಟಿಗಳ ಕಟ್ಟನ್ನು ಡಾಕ್ಟರ ಮೇಜಿನ ಮೇಲಿಟ್ಟು, ಈ ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿ.